ಎರಡು ಪ್ರಶಸ್ತಿಗಳ ನಡುವಿನ ಏಳು ವರ್ಷ

2017ರ ಜನವರಿಯಲ್ಲಿ ನಡೆದ ಚೆನ್ನೈ ಓಪನ್ ಟೆನಿಸ್ ಟೂರ್ನಿಯ ಡಬಲ್ಸ್ ಫೈನಲ್‌ನಲ್ಲಿ ಆಡಿದ ನಾಲ್ವರೂ ಭಾರತೀಯರೇ. ಕೊಡಗಿನ ರೋಹನ್ ಬೋಪಣ್ಣ ಮತ್ತು ಚೆನ್ನೈನ ಜೀವನ್ ನೆಡುಂಚೆಳಿಯನ್ ಜೋಡಿಯು ಪುರವ್ ರಾಜಾ–ದಿವಿಜ್ ಶರಣ್ ಜೋಡಿಯನ್ನು 6-3, 6-4ರಿಂದ ಮಣಿಸಿತು. ಆನಂತರ ಬೋಪಣ್ಣ ಏರಿದ ಎತ್ತರ ಕನ್ನಡಿಗರಿಗೆಲ್ಲ ಬಾಯಿಪಾಠವಾಗಿದೆ. ಜೀವನ್ ಅವರಿಗೆ ಎರಡನೇ ಎಟಿಪಿ (ಪುರುಷರ ವೃತ್ತಿಪರ ಟೆನಿಸ್‌ನ ಮುಖ್ಯ ಟೂರ್) ಪ್ರಶಸ್ತಿ ದೊರೆತದ್ದು 2024ರ ಸೆಪ್ಟೆಂಬರ್‌ನಲ್ಲಿ, ಚೀನಾದ ಹಾಂಗ್‌ಝೌನಲ್ಲಿ. ಮೊದಲ ಸೆಟ್ ಕಳೆದುಕೊಂಡು, ಎರಡನೆಯದನ್ನು ಟೈಬ್ರೇಕರ್‌ನಲ್ಲಿ ಉಳಿಸಿಕೊಂಡು, 4-6, 7-6, 10-7ರಿಂದ ಗೆದ್ದ ಆ ಫೈನಲ್‌ನಲ್ಲಿ ಜೊತೆಗಾರರಾಗಿದ್ದ ವಿಜಯ್ ಸುಂದರ್ ಪ್ರಶಾಂತ್ ಅವರಿಗೆ ಅದು ಮೊದಲ ಎಟಿಪಿ ಪ್ರಶಸ್ತಿ, ವಯಸ್ಸು ಆಗಲೇ 37.

ಈ ನಡುವಿನ ಏಳು ವರ್ಷಗಳನ್ನು, ಅಂದರೆ ಹೆಚ್ಚಾಗಿ ಎಟಿಪಿ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಚಾಲೆಂಜರ್ ಟೂರ್ನಿಗಳಲ್ಲಿ ಸವೆಯುವ ಇಂಥ ಕಾಲವನ್ನು, ‘ಸಿಂಗಲ್ಸ್‌ನಲ್ಲಿ ಆಗದವರ ಪಾಡು’ ಎಂದು ತಳ್ಳಿಹಾಕುವ ಮಾತನ್ನು ನಾನು ಒಪ್ಪಲಾರೆ. ಡಬಲ್ಸ್ ಬೇರೆಯೇ ಒಂದು ವಿದ್ಯೆ. ಸರ್ವ್‌ಗೆ ಮುನ್ನ ನೆಟ್ ಬಳಿ ಬಗ್ಗಿ ನಿಂತ ಆಟಗಾರ ಬೆನ್ನ ಹಿಂದೆ ಬೆರಳಿನಿಂದ ಸನ್ನೆ ಮಾಡುತ್ತಾನೆ: ಸರ್ವ್ ಎಲ್ಲಿ ಬೀಳಬೇಕು, ತಾನು ಅಡ್ಡ ನುಗ್ಗುತ್ತಾನೋ ನಿಂತಲ್ಲೇ ಇರುತ್ತಾನೋ. ಅವನು ನುಗ್ಗಿದರೆ, ಸರ್ವ್ ಮಾಡಿದವನು ಚೆಂಡು ಎತ್ತ ಬರುತ್ತದೆಂದು ಕಾಯದೆ ಖಾಲಿಯಾದ ಬದಿಗೆ ಓಡಬೇಕು. ಒಬ್ಬನು ಕ್ಷಣಕಾಲ ಅನುಮಾನಿಸಿದರೂ ಅರ್ಧ ಅಂಕಣ ಎದುರಾಳಿಯ ಪಾಲಾಗುತ್ತದೆ. 40-40 ಆದಾಗ ಒಂದೇ ಪಾಯಿಂಟ್‌ಗೆ ಗೇಮ್ ಮುಗಿಯುವ, ಮೂರನೇ ಸೆಟ್‌ನ ಬದಲು ಹತ್ತು ಪಾಯಿಂಟ್‌ಗಳ ಟೈಬ್ರೇಕರ್ ಆಡಿಸುವ ಈ ಟೂರ್ನಿಗಳ ಪದ್ಧತಿಯಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ.

ಅಂಕಣದ ಹೊರಗಿನ ಕಷ್ಟ ಇದಕ್ಕಿಂತ ಹೆಚ್ಚಿನದು. ಟೂರ್ನಿಯ ಪ್ರವೇಶ ನಿರ್ಧಾರವಾಗುವುದು ಇಬ್ಬರ ರ‍್ಯಾಂಕಿಂಗ್ ಕೂಡಿಸಿ. ಆದ್ದರಿಂದ ಜೊತೆಗಾರನ ಭುಜಕ್ಕೆ ಪೆಟ್ಟಾದರೆ ಆಟಗಾರನ ವಾರವೂ ಹೋಯಿತು. ಜೊತೆಗಾರನ ಹಳೆಯ ರ‍್ಯಾಂಕಿಂಗ್ ಪಾಯಿಂಟ್‌ಗಳು 52 ವಾರ ತುಂಬಿ ಕಳಚಿಕೊಂಡರೆ ತಾನು ಎಷ್ಟೇ ಚೆನ್ನಾಗಿ ಆಡುತ್ತಿದ್ದರೂ ಜೋಡಿ ಪಟ್ಟಿಯಿಂದ ಹೊರಗೆ. ಹೀಗಾಗಿ ಈ ಮಟ್ಟದಲ್ಲಿ ಅನೇಕರು ಮುಂದಿನ ವಾರ ಯಾರೊಂದಿಗೆ ಆಡುವುದು ಎಂದು ಫೋನಿನಲ್ಲಿ ವಿಚಾರಿಸುತ್ತಲೇ ಊರಿಂದೂರಿಗೆ ಹೋಗುತ್ತಿರುತ್ತಾರೆ, ಮತ್ತು ಆ ಸನ್ನೆಗಳ ನಂಬಿಕೆಯನ್ನು ಪ್ರತಿ ಹೊಸ ಜೊತೆಗಾರನೊಂದಿಗೆ ಮೊದಲಿನಿಂದ ಕಟ್ಟಿಕೊಳ್ಳುತ್ತಾರೆ.

ಹಣದ ಲೆಕ್ಕಕ್ಕೆ ಒಂದೇ ಉದಾಹರಣೆ ಸಾಕು. 2025ರ ವಿಂಬಲ್ಡನ್ ಸಿಂಗಲ್ಸ್‌ನ ಮೊದಲ ಸುತ್ತಿನಲ್ಲೇ ಸೋತವರಿಗೆ 66,000 ಪೌಂಡ್ ದೊರೆತರೆ, ಡಬಲ್ಸ್‌ನಲ್ಲಿ ಅದೇ ಸುತ್ತಿನಲ್ಲಿ ಸೋತ ಜೋಡಿಗೆ ದೊರೆತದ್ದು 16,500. ತಲೆಗೆ 8,250, ಅಂದರೆ ಎಂಟನೇ ಒಂದು ಪಾಲು. ಇದು ಅತ್ಯಂತ ಶ್ರೀಮಂತ ಟೂರ್ನಿಗಳಲ್ಲೊಂದರ ಮಾತು. ಚಾಲೆಂಜರ್‌ನಲ್ಲಿ ವಿಮಾನದ ಟಿಕೆಟ್, ಕೋಚ್, ಫಿಸಿಯೊ ಖರ್ಚು ಕಳೆದ ಮೇಲೆ ಕೈಯಲ್ಲಿ ಎಷ್ಟು ಉಳಿದೀತು ಎಂಬುದನ್ನು ಊಹಿಸಬಹುದು.

ಬೆಂಗಳೂರು ಓಪನ್ ಕೂಡ ಚಾಲೆಂಜರ್ ಟೂರ್ನಿಯೇ. ಕಬ್ಬನ್ ಉದ್ಯಾನದಲ್ಲಿರುವ ರಾಜ್ಯ ಟೆನಿಸ್ ಸಂಸ್ಥೆ ಕೆಎಸ್‌ಎಲ್‌ಟಿಎ ಅಂಕಣಗಳಲ್ಲಿ ಅದು ನಡೆಯುವಾಗ, ಮಕ್ಕಳನ್ನು ಟೆನಿಸ್‌ಗೆ ಸೇರಿಸಿರುವ ಪೋಷಕರು ಒಂದು ಡಬಲ್ಸ್ ಪಂದ್ಯವನ್ನಾದರೂ ಪೂರ್ತಿ ಕೂತು ನೋಡಲಿ; ಚೆಂಡನ್ನು ಬಿಟ್ಟು ನೆಟ್ ಬಳಿಯ ಆಟಗಾರನ ಪಾದಗಳನ್ನು ಗಮನಿಸಲಿ. ಇನ್ನು ಪ್ರಾಯೋಜಕರಲ್ಲಿ ಮತ್ತು ಟೆನಿಸ್ ಸಂಸ್ಥೆಗಳಲ್ಲಿ ನನ್ನ ಒತ್ತಾಯ ಒಂದೇ: ನೆರವನ್ನು ಒಬ್ಬೊಬ್ಬ ಆಟಗಾರನಿಗೆ ಬಿಡಿಬಿಡಿಯಾಗಿ ಹಂಚದೆ, ಒಂದು ಪೂರ್ಣ ವರ್ಷ ಒಟ್ಟಿಗೆ ಆಡಲು ಒಪ್ಪುವ ಜೋಡಿಗೆ ಕೊಡಿ.