ಡ್ಯೂರರ್‌ನ ಕೋಟಿಗೂ ಮೊದಲು ಒಂದು ಬಿಳಿ ಅಂಗಿ

ಮ್ಯೂನಿಕ್‌ನ ಆಲ್ಟೆ ಪಿನಾಕೊಟೆಕ್ ಮ್ಯೂಸಿಯಮ್ಮಿನಲ್ಲಿ ಜರ್ಮನ್ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1500ರಲ್ಲಿ ಬರೆದುಕೊಂಡ ತನ್ನದೇ ಚಿತ್ರವಿದೆ. ಆಗ ಅವನಿಗೆ 28 ವರ್ಷ. ಕಂದು ಕೋಟು, ತುಪ್ಪಳದ ಕಾಲರು, ಆ ಕಾಲರಿನ ಮೇಲೆ ಅವನ ಬೆರಳು. ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಅದನ್ನು ನೋಡಿದೆ. ಜನ ಅವನ ಕಣ್ಣು ನೋಡುತ್ತಾರೆ, ಕೂದಲು ನೋಡುತ್ತಾರೆ. ನಾನು ಮಾತ್ರ ಕಾಲರು ಹೇಗೆ ಕೂರಿಸಿದ್ದಾರೆ ಅಂತ ನೋಡುತ್ತಾ ನಿಂತುಬಿಟ್ಟೆ. ದಾವಣಗೆರೆಯಲ್ಲಿ ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ಹುಕ್ಕು ಹಾಕುವುದು, ಹೆಮ್ಮಿಂಗ್ ಮಾಡುವುದು ಸ್ಕೂಲಿಂದ ಬಂದಮೇಲೆ ನನ್ನ ಕೆಲಸ. ಬಟ್ಟೆ ಕಂಡರೆ ಹೊಲಿಗೆ ಹುಡುಕುವ ಚಾಳಿ ಆಗ ಹತ್ತಿದ್ದು.

ಆರು ವರ್ಷದಿಂದ ಬಿಡುವಿನಲ್ಲಿ 1500ರ ಆಸುಪಾಸಿನ ಕೋಟು, ಗೌನು ಹೊಲಿಯುತ್ತಿದ್ದೇನೆ. ಹೋದ ವಾರ ಒಂದು ಕೋಟಿನ ಫೋಟೊ ಹಾಕಿದಾಗ ಮೂರು ಜನ ಒಂದೇ ಪ್ರಶ್ನೆ ಕೇಳಿದರು: "ಛದ್ಮವೇಷಕ್ಕಾ?" ಅಲ್ಲ. ಇದು ವೇಷ ಅಲ್ಲ, ಬಟ್ಟೆ. ಈ ವ್ಯತ್ಯಾಸ ನನಗೆ ತುಂಬಾ ಮುಖ್ಯ.

ಅಂಗಡಿಯಲ್ಲಿ ಸಿಗುವ ವೇಷದ ಗೌನಿಗೆ ಬೆನ್ನಲ್ಲಿ ಜಿಪ್ ಇರುತ್ತದೆ, ಬಟ್ಟೆ ಪಾಲಿಯೆಸ್ಟರ್ ವೆಲ್ವೆಟ್. ಹೊರಗಿಂದ ಮಿಂಚುತ್ತದೆ, ಮೈಮೇಲೆ ಹಾಕಿದರೆ ಜೋತುಬೀಳುತ್ತದೆ. ಯಾಕೆ ಅಂದರೆ ಒಳಗೆ ಏನೂ ಇಲ್ಲ. ಆ ಕಾಲದ ಬಟ್ಟೆಯ ಆಕಾರವೆಲ್ಲ ಒಳಗಿನಿಂದ ಬಂದದ್ದು. ಮೈಗೆ ತಾಗಿ ಲಿನನ್ ಅಂಗಿ. ಅದರ ಮೇಲೆ ಲೈನಿಂಗ್ ಕೊಟ್ಟು ಬಿಗಿಯಾಗಿ ಹೊಲಿದ ಇನ್ನೊಂದು ಪದರ. ಆಮೇಲೆ ಕೋಟು. ಹೊಸದಾಗಿ ಶುರು ಮಾಡುವವರು ಚಿತ್ರ ನೋಡಿ ನೇರವಾಗಿ ಮೇಲಿನ ಗೌನಿಗೇ ಕೈ ಹಾಕುತ್ತಾರೆ. ನಾನೂ ಹಾಗೇ ಮಾಡಿದೆ, ಎಂಟು ಮೀಟರ್ ಬಟ್ಟೆ ಹಾಳಾಯಿತು. ಅದಕ್ಕೇ ಕೇಳಿದವರಿಗೆಲ್ಲ ಹೇಳುತ್ತೇನೆ: ಮೊದಲು ಅಂಗಿ ಹೊಲಿಯಿರಿ. ಬರೀ ಅಂಗಿ. ಅದೂ ಪೂರ್ತಿ ಕೈಯಲ್ಲೇ.

ಆ ಅಂಗಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅದರಲ್ಲಿ ಬಾಗಿಸಿ ಕತ್ತರಿಸುವುದು ಇಲ್ಲವೇ ಇಲ್ಲ. ಮೈಗೆ ಒಂದು ಆಯತ, ತೋಳಿಗೆ ಎರಡು ಆಯತ, ಕಂಕುಳಿಗೆ ಎರಡು ಪುಟ್ಟ ಚೌಕ. ಕತ್ತರಿ ಇಡುವ ಮೊದಲು ಬಟ್ಟೆಯಿಂದ ಒಂದು ಎಳೆ ಎಳೆದು ತೆಗೆಯಬೇಕು. ಎಳೆ ಹೋದ ಜಾಗದಲ್ಲಿ ಸಣ್ಣ ಗೆರೆ ಬೀಳುತ್ತದೆ, ಅದರ ಗುಂಟ ಕತ್ತರಿಸಿದರೆ ಒಂದು ನೂಲೂ ಸೊಟ್ಟ ಹೋಗಲ್ಲ. ಕತ್ತಿನ ಬಟ್ಟೆಯನ್ನು ಸಣ್ಣ ಸಣ್ಣ ನೆರಿಗೆ ಹಿಡಿದು ಪಟ್ಟಿಗೆ ಕೂರಿಸುವುದು. ದಾರಕ್ಕೆ ಜೇನುಮೇಣ ಉಜ್ಜಿಕೊಂಡರೆ ಸಿಕ್ಕಾಗಲ್ಲ. ಕಂಕುಳಿನ ಆ ಚೌಕವನ್ನು ಓರೆಯಾಗಿ ಕೂರಿಸುತ್ತಾರೆ. ಕೈ ಎತ್ತಿದಾಗ ಅಂಗಿ ಮೇಲೆ ಜಗ್ಗದೇ ಇರುವುದು ಅದರಿಂದಲೇ. ಮೊದಲ ಸಲ ಹಾಕಿಕೊಂಡು ಕೈ ಎತ್ತಿದಾಗ ನನಗೆ ಆದ ಖುಷಿ ಈಗಲೂ ನೆನಪಿದೆ. ಇಷ್ಟು ಸರಳವಾದ ತುಂಡು, ಇಷ್ಟು ದೊಡ್ಡ ಕೆಲಸ!

ಆ ಅಂಗಿ ಇಲ್ಲದೆ ಮೇಲಿನ ಕೋಟು ಉಳಿಯುತ್ತಲೂ ಇರಲಿಲ್ಲ. ಉಣ್ಣೆ, ರೇಷ್ಮೆ, ತುಪ್ಪಳದ ಬಟ್ಟೆಯನ್ನು ನೀರಿಗೆ ಹಾಕುವಂತಿರಲಿಲ್ಲ. ಬೆವರು ಹೀರುವುದು, ಮತ್ತೆ ಮತ್ತೆ ಒಗೆಸಿಕೊಳ್ಳುವುದು ಲಿನನ್‌ನ ಪಾಲು. ಕತ್ತಿನ ಹತ್ತಿರ, ಮುಂಗೈ ಹತ್ತಿರ ಅಂಗಿ ಬೆಳ್ಳಗೆ ಕಾಣಬೇಕು ಅನ್ನುವುದರಲ್ಲಿ ಒಂದು ಅಂತಸ್ತೂ ಇತ್ತು.

ಡ್ಯೂರರ್‌ನ ಚಿತ್ರ ಎದೆಯ ಮಟ್ಟಕ್ಕೇ ನಿಲ್ಲುತ್ತದೆ. ಕೋಟಿನ ಕೆಳಗೆ, ಬೆನ್ನಿಗೆ ಏನಿತ್ತು ಅಂತ ಅದರಲ್ಲಿ ಗೊತ್ತಾಗಲ್ಲ. ಅದಕ್ಕೆ ನನಗೆ ದಾರಿ ತೋರಿಸಿದವನು ಮತ್ತೇಯುಸ್ ಶ್ವಾರ್ಟ್ಸ್. ಇಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ಆಗ್ಸ್‌ಬುರ್ಗ್‌ನವನು, ಫುಗ್ಗರ್ ಮನೆತನದ ವ್ಯಾಪಾರದ ಲೆಕ್ಕ ಬರೆಯುತ್ತಿದ್ದವನು. 1520ರಿಂದ 1560ರವರೆಗೆ ತಾನು ತೊಟ್ಟ ಬಟ್ಟೆಗಳ ಚಿತ್ರ ಬರೆಸಿ ಇಟ್ಟ. 137 ಚಿತ್ರ! ಮೂಲ ಪುಸ್ತಕ ಈಗ ಬ್ರೌನ್‌ಶ್ವೈಗ್‌ನ ಮ್ಯೂಸಿಯಮ್ಮಿನಲ್ಲಿದೆ. 1526ರಲ್ಲಿ ಬಟ್ಟೆ ಇಲ್ಲದೆ ಹಿಂದಿನಿಂದ, ಮುಂದಿನಿಂದ ನಿಂತು ಎರಡು ಚಿತ್ರ ಬರೆಸಿಕೊಂಡ, ದಪ್ಪಗಾಗಿದ್ದೇನೆ ಅಂತ ಪಕ್ಕದಲ್ಲಿ ಬರೆಸಿದ. ಆ ಎರಡು ಚಿತ್ರ ನನಗೆ ತುಂಬಾ ಇಷ್ಟ. ಬಟ್ಟೆಯನ್ನು ಅಷ್ಟು ಪ್ರೀತಿಸಿದವನು ಬಟ್ಟೆಯೊಳಗಿನ ಮೈಯನ್ನೂ ಮರೆಯಲಿಲ್ಲ.

ಗೌನಿನ ವಿಷಯದಲ್ಲೂ ಇದೇ ಮಾತು. ಇಟಲಿಯ ಫ್ಲಾರೆನ್ಸ್‌ನ ಡ್ಯೂಕ್‌ನ ಹೆಂಡತಿ ಎಲಿಯೊನೋರಾ ಡಿ ಟೊಲೆಡೊ 1562ರಲ್ಲಿ ತೀರಿಕೊಂಡಾಗ ತೊಡಿಸಿ ಮಣ್ಣು ಮಾಡಿದ ಸ್ಯಾಟಿನ್ ಗೌನು ಇವತ್ತಿಗೂ ಉಳಿದಿದೆ. ಅದರ ಒಳಗೆ ಕೆಂಪು ಮಖಮಲ್ಲಿನದೊಂದು ಬಿಗಿ ಉಡುಪು. ಮುಂದೆ ಹುಕ್ಕು, ನಮ್ಮ ರವಿಕೆಯ ಹಾಗೆಯೇ. ನನ್ನ ಹೆಂಡತಿಗೆ ಗೌನು ಹೊಲಿದಾಗ ಮೊದಲು ಆ ಒಳಗಿನದನ್ನೇ ಮೂರು ಸಲ ಕೋರಾ ಬಟ್ಟೆಯಲ್ಲಿ ಹೊಲಿದು ಬಿಚ್ಚಿದೆ.

ಬಟ್ಟೆ ಕೊಳ್ಳುವಾಗ ಮೋಸ ಹೋಗಬೇಡಿ. ಒಂದು ಆನ್‌ಲೈನ್ ಅಂಗಡಿಯವರು ಅಪ್ಪಟ ಉಣ್ಣೆ ಅಂತ ನನಗೆ ನಾಲ್ಕು ಮೀಟರ್ ಮಾರಿದರು. ಸೀರೆಯ ರೇಷ್ಮೆ ಅಸಲಿಯೋ ಅಂತ ಅಮ್ಮ ಒಂದು ಎಳೆ ಸುಟ್ಟು ನೋಡುತ್ತಿದ್ದರು. ಹಾಗೇ ಸುಟ್ಟೆ. ಉಣ್ಣೆ ಆಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕರಗಿ ಗಟ್ಟಿ ಮಣಿಯಾಯಿತು. ವಾಪಸ್ ಕಳಿಸಿದೆ, ದುಡ್ಡು ಬರಲಿಲ್ಲ. ತುಪ್ಪಳಕ್ಕೆ ಮಾತ್ರ ಹೊಸದು ಕೊಳ್ಳಲು ನನಗೆ ಮನಸ್ಸಿಲ್ಲ. ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕ ಹಳೇ ಕೋಟೊಂದನ್ನು ಬಿಚ್ಚಿಕೊಂಡೆ. ಅದನ್ನು ಹಿಂದಿನ ಚರ್ಮದ ಕಡೆಯಿಂದ ಬ್ಲೇಡಿನಲ್ಲಿ ಕೊಯ್ಯಬೇಕು. ಕತ್ತರಿ ಹಾಕಿದರೆ ಕೂದಲೂ ತುಂಡಾಗುತ್ತದೆ.

ಮಷಿನ್ ಮುಟ್ಟಲೇಬಾರದು ಅನ್ನುವವರ ಜೊತೆ ನಾನಿಲ್ಲ. ಲೈನಿಂಗಿನ ಉದ್ದ ಹೊಲಿಗೆಗೆ ನಾನೂ ಮಷಿನ್ ಹಾಕುತ್ತೇನೆ. ಆದರೆ ಬಟ್ಟೆ ಪೋಲು ಮಾಡುವುದನ್ನು ಕಂಡರೆ ಸಂಕಟ ಆಗುತ್ತದೆ. ಆಗ ದುಬಾರಿ ಆಗಿದ್ದದ್ದು ಬಟ್ಟೆ, ಹೊಲಿಯುವ ಕೂಲಿ ಅಲ್ಲ. 1580ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುವಾನ್ ಡಿ ಆಲ್ಸೆಗಾ ಅನ್ನುವ ದರ್ಜಿ ಪುಸ್ತಕವನ್ನೇ ಅಚ್ಚು ಹಾಕಿಸಿದ. ಇಷ್ಟು ಬಟ್ಟೆಯಲ್ಲಿ ಯಾವ ತುಂಡನ್ನು ಎಲ್ಲಿ ಇಟ್ಟು ಕತ್ತರಿಸಬೇಕು ಅಂತ ಪುಟ ಪುಟದಲ್ಲೂ ನಕ್ಷೆ. ಉಳಿದುಕೊಂಡ ಹಳೇ ಬಟ್ಟೆಗಳನ್ನು ಕಳೆದ ಶತಮಾನದಲ್ಲಿ ಜ್ಯಾನೆಟ್ ಆರ್ನಲ್ಡ್ ಅನ್ನುವ ಬ್ರಿಟಿಷ್ ಉಡುಪು ಇತಿಹಾಸಕಾರ್ತಿ ಒಂದೊಂದಾಗಿ ಅಳೆದು ನಕ್ಷೆ ಬರೆದರು. ಅವುಗಳಲ್ಲಿ ಶ್ರೀಮಂತರ ಬಟ್ಟೆಗೂ ಮರೆಯ ಜಾಗದಲ್ಲಿ ತುಂಡು ಸೇರಿಸಿರುವುದು ಕಾಣುತ್ತದೆ. ರವಿಕೆ ಪೀಸು ತೋಳಿಗೆ ಸಾಲದಿದ್ದರೆ ಅಮ್ಮ ಮಾಡುತ್ತಿದ್ದದ್ದೂ ಅದನ್ನೇ.

ಮೊನ್ನೆ ಕೋಟು ತೊಟ್ಟು ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ತುಪ್ಪಳದ ಬಗ್ಗೆ ಒಂದು ಮಾತಿಲ್ಲ. "ಬಿಚ್ಚು, ಒಳಗಡೆ ತೋರ್ಸು," ಅಂದರು. ಲೈನಿಂಗ್ ತಿರುವಿ ಹಿಡಿದೆ. ಕನ್ನಡಕ ಹಾಕಿಕೊಂಡು ಬಂದು ತುಂಬಾ ಹೊತ್ತು ನೋಡಿದರು. "ಎಡಗಡೆ ಕಂಕುಳ ಹತ್ರ ಹೊಲಿಗೆ ಸಡಿಲ ಐತಿ ನೋಡಪ್ಪ. ಬಿಚ್ಚಿ ಹಾಕು." ಹೌದು, ಅಲ್ಲೇ ಸಡಿಲ ಇತ್ತು. ಈ ಶನಿವಾರ ಅದನ್ನೇ ಬಿಚ್ಚಲು ಕೂರುತ್ತೇನೆ.

ಅಂಗಿ ಹೊಲಿದು ನೋಡಬೇಕು ಅನ್ನಿಸಿದವರು ಮೆಸೇಜ್ ಮಾಡಿ. ಅಗಲ ಪನ್ನಾದ ಲಿನನ್ ಮೂರು ಮೀಟರ್ ಇದ್ದರೆ ಸಾಕು. ಎದೆ ಸುತ್ತಳತೆ, ತೋಳಿನ ಉದ್ದ ಕಳಿಸಿದರೆ ಆಯತಗಳ ಅಳತೆ ನಾನೇ ಹಾಕಿಕೊಡುತ್ತೇನೆ.