ಗೇಟಿಗೆ ಅಂಟಿಸಿದ ಆ ನೋಟಿಸನ್ನು ಮಕ್ಕಳೂ ಓದಿದ್ದರು

ಕೊರೊನಾ ಕಾಲದ ಮಾತು ಬಂದಾಗಲೆಲ್ಲ, "ಮಕ್ಕಳದ್ದೇನು ಬಿಡಿ, ಶಾಲೆಯಿರಲಿಲ್ಲ, ಅಪ್ಪ ಅಮ್ಮ ಮನೆಯಲ್ಲೇ ಇದ್ದರು, ಆರಾಮಾಗಿದ್ದರು, ಈಗ ಎಲ್ಲ ಮರೆತೂ ಬಿಟ್ಟಿದ್ದಾರೆ" ಎನ್ನುವವರನ್ನು ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಗೆಳತಿಯರ ನಡುವೆ ನಾನು ಕೇಳುತ್ತಲೇ ಬಂದಿದ್ದೇನೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಎರಡು ವರ್ಷಗಳಲ್ಲಿ ಸರ್ಕಾರದ ಆದೇಶಗಳನ್ನು ಎಲ್ಲರಿಗಿಂತ ಹೆಚ್ಚು ಕಾಲ, ಎಲ್ಲರಿಗಿಂತ ಕಡಿಮೆ ತಕರಾರಿನಿಂದ ಪಾಲಿಸಿದವರು ಹತ್ತು ವರ್ಷದೊಳಗಿನ ಮಕ್ಕಳು. ಆದರೆ ಆ ಆದೇಶಗಳನ್ನು, ಅದರಲ್ಲೂ ಹೋಮ್ ಕ್ವಾರಂಟೈನ್ ಆದೇಶಗಳನ್ನು, ಮಕ್ಕಳಿಲ್ಲದ ಮನೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆಯಲಾಗಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಷ್ಟು ವರ್ಷಗಳ ನಂತರ ಇದನ್ನು ಬರೆಯುವುದಕ್ಕೆ ಕಾರಣವೂ ಅದೇ. ನಾವು ಮರೆತರೆ, ಮುಂದೊಮ್ಮೆ ಇಂಥದೇ ಕಷ್ಟ ಬಂದಾಗ ಅದೇ ಆದೇಶಗಳು ಅಕ್ಷರವೂ ಬದಲಾಗದೆ ಮತ್ತೆ ಹೊರಬೀಳುತ್ತವೆ.

2020ರ ಮಾರ್ಚ್ ಮಧ್ಯದಲ್ಲಿ ನಮ್ಮ ರಾಜ್ಯದ ಶಾಲೆಗಳು ಮುಚ್ಚಿದವು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಮೇ ತಿಂಗಳ ಹೊತ್ತಿಗೆ ಒಂದೊಂದೇ ಸಡಿಲಿಕೆ ಬರತೊಡಗಿದಾಗಲೂ ಕೇಂದ್ರದ ಮಾರ್ಗಸೂಚಿಯಲ್ಲಿ ಒಂದು ವಾಕ್ಯ ಹಾಗೆಯೇ ಉಳಿದಿತ್ತು: 65 ವರ್ಷ ದಾಟಿದವರು, ಗರ್ಭಿಣಿಯರು ಮತ್ತು 10 ವರ್ಷದೊಳಗಿನ ಮಕ್ಕಳು ಅಗತ್ಯ ಕೆಲಸ ಹಾಗೂ ಆರೋಗ್ಯದ ಕಾರಣಕ್ಕಲ್ಲದೆ ಮನೆಯಲ್ಲೇ ಇರಬೇಕು. ಅಂಗಡಿಗಳು ತೆರೆದವು, ಬಸ್ಸುಗಳು ಓಡಿದವು, ಮದುವೆಗಳಿಗೆ ಇಷ್ಟು ಜನ ಎಂಬ ಲೆಕ್ಕ ಬಂತು. ಒಂದರಿಂದ ಐದನೇ ತರಗತಿಯ ಮಕ್ಕಳು ಮಾತ್ರ ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಹತ್ತಿರ ಹತ್ತಿರ ಹತ್ತೊಂಬತ್ತು ತಿಂಗಳು. ಆರು ವರ್ಷದ ಮಗುವಿನ ಪಾಲಿಗೆ ಅದು ನೆನಪಿರುವ ಬದುಕಿನ ಅರ್ಧ ಭಾಗ.

ನಮ್ಮದು ತುಮಕೂರಿನಲ್ಲಿ ಬಾಡಿಗೆ ಮನೆ. ಹಾಲು, ಒಂದು ಕೋಣೆ, ಅಡುಗೆಮನೆ, ಹಿತ್ತಿಲ ಕಡೆ ಬಚ್ಚಲು ಮತ್ತು ಒಂದೇ ಶೌಚಾಲಯ. 2020ರ ಜುಲೈನಲ್ಲಿ ನಮ್ಮ ಯಜಮಾನರು ಕಂಪನಿಯ ಕೆಲಸದ ಮೇಲೆ ಹೈದರಾಬಾದಿಗೆ ಹೋಗಿ ಬಂದಾಗ, ಹೊರರಾಜ್ಯದಿಂದ ಬಂದವರೆಂದು 14 ದಿನಗಳ ಹೋಮ್ ಕ್ವಾರಂಟೈನ್ ವಿಧಿಸಿದರು. ಅವರಿಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಕೈಗೆ ಸೀಲು ಹಾಕಿದರು, ಗೇಟಿಗೆ ನೋಟಿಸ್ ಅಂಟಿಸಿದರು, ಮೊಬೈಲಿಗೆ ಕ್ವಾರಂಟೈನ್ ವಾಚ್ ಆಪ್ ಹಾಕಿಸಿದರು. ನಿಯಮದ ಪ್ರಕಾರ ಅವರು ಗಾಳಿ ಬೆಳಕು ಚೆನ್ನಾಗಿ ಆಡುವ, ಸಾಧ್ಯವಾದರೆ ಪ್ರತ್ಯೇಕ ಶೌಚಾಲಯವಿರುವ ಕೋಣೆಯಲ್ಲಿರಬೇಕು, ಮನೆಯ ಬೇರೆಯವರಿಂದ ದೂರವಿರಬೇಕು. ಅಂಥ ಕೋಣೆಯಿರುವ ಮನೆಗಳು ಈ ಊರಿನಲ್ಲಿ ಎಷ್ಟಿವೆ? ನಮ್ಮ ಮನೆಯ ಒಂದೇ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟು, ಅತ್ತೆ, ನಾನು ಮತ್ತು ಇಬ್ಬರು ಮಕ್ಕಳು ಹಾಲಿನಲ್ಲಿ ಮಲಗಿದೆವು. ಅವರು ಶೌಚಾಲಯಕ್ಕೆ ಹೋಗಿ ಬಂದಾಗಲೆಲ್ಲ ಫಿನಾಯಿಲ್ ಹಾಕಿ ತೊಳೆದು, ಕಾಲು ಗಂಟೆ ಬಿಟ್ಟು ಬೇರೆಯವರನ್ನು ಕಳಿಸುವುದು ನನ್ನ ಕೆಲಸವಾಯಿತು. ಐದು ವರ್ಷದ ಹುಡುಗನಿಗೆ ಆ ಕಾಲು ಗಂಟೆ ಎಷ್ಟು ಕಷ್ಟ ಎಂಬುದು ಯಾವ ಮಾರ್ಗಸೂಚಿಗೂ ಹೊಳೆದಂತಿಲ್ಲ. ಅವನು ಒಮ್ಮೆಯೂ ಹಟ ಮಾಡಲಿಲ್ಲ. ಬಚ್ಚಲ ಬಾಗಿಲಲ್ಲಿ ಕಾಲು ಹೆಣೆದುಕೊಂಡು ನಿಂತು, "ಅಮ್ಮ, ವಾಸನೆ ಹೋಯ್ತಾ?" ಎಂದು ಕೇಳುತ್ತಿದ್ದ.

ಅಪ್ಪನ ಕೋಣೆಯ ಹೊಸ್ತಿಲು ದಾಟಬಾರದು ಎಂಬ ನಿಯಮವನ್ನು ಹೇಳಿದವಳು ನಾನು. ಆದರೆ ಅದನ್ನು ಬಾಳಲು ಸಾಧ್ಯವಾಗುವಂತೆ ಮಾಡಿದವಳು ನಾಲ್ಕನೇ ತರಗತಿಯಲ್ಲಿದ್ದ ಮಗಳು. ಹೊಸ್ತಿಲಿನ ಈಚೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದಳು. ಸೀಳಿದ ಹುಣಸೆಬೀಜ ನಾಲ್ಕನ್ನು ಅಪ್ಪನಿಗೆ ಕೊಟ್ಟು, ನಾಲ್ಕನ್ನು ತಾನಿಟ್ಟುಕೊಂಡಳು. ಅವರು ಮಂಚದ ಪಕ್ಕದಲ್ಲಿ ಕೂತು ಬೀಜ ಹಾಕಿ "ಮೂರು" ಎಂದರೆ, ಈಚೆ ಅವರ ಕಾಯಿಯನ್ನು ನಡೆಸುವವಳು ಅವಳೇ. ಅಪ್ಪನ ಕಾಯಿಯಿಂದ ತನ್ನ ಕಾಯಿ ಹೊಡೆಯುವ ಸಂದರ್ಭ ಬಂದಾಗಲೂ ತಾನೇ ಹೊಡೆದು, ತನ್ನ ಕಾಯನ್ನು ತಾನೇ ಮನೆಗೆ ಹಿಂದಿರುಗಿಸುತ್ತಿದ್ದಳು. ತಮ್ಮನಿಗೆ ಲೆಕ್ಕ ಬಾರದಿದ್ದರಿಂದ ಅವನಿಗೆ ಕೂಗುವ ಕೆಲಸ ಕೊಟ್ಟಿದ್ದಳು. ಅಪ್ಪನಿಗೆ ನಾಲ್ಕು ಬಿದ್ದರೆ "ಚೌಕ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಮುಟ್ಟದೆ ಜೊತೆಗಿರುವುದು ಹೇಗೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಮನೆಯಲ್ಲಿ ಅಂಥದೊಂದು ಬೇಕು ಎಂಬುದು ದೊಡ್ಡವರಾದ ನಮಗಾರಿಗೂ ಅವಳಿಗಿಂತ ಮೊದಲು ಹೊಳೆದಿರಲಿಲ್ಲ.

ಮೊಬೈಲಿನ ಕಥೆ ಬೇರೆ. ಕ್ವಾರಂಟೈನಿನಲ್ಲಿದ್ದವರು ಆ ಆಪ್ ಮೂಲಕ ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂಬ ನಿಯಮವನ್ನು ಸರ್ಕಾರ ಮಾರ್ಚ್ ಕೊನೆಯಲ್ಲೇ ಮಾಡಿತ್ತು. ಹಾಗಾಗಿ ಅವರ ಫೋನು ಕೋಣೆಯಿಂದ ಹೊರಗೆ ಬರುವಂತಿರಲಿಲ್ಲ. ಐದನೇ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡವೆಂದು ಜೂನಿನಲ್ಲಿ ಸರ್ಕಾರ ಹೇಳಿದ್ದನ್ನು ಜುಲೈನಲ್ಲಿ ಹೈಕೋರ್ಟ್ ತಡೆಹಿಡಿದಿತ್ತು; ಮಗಳ ತರಗತಿಗಳು ಅದೇ ವಾರಗಳಲ್ಲಿ ಶುರುವಾದವು. ಉಳಿದದ್ದು ನನ್ನ ಫೋನು, ಅದರಲ್ಲೇ ನನ್ನ ಆಫೀಸಿನ ಕರೆಗಳು, ಅದರಲ್ಲೇ ಅವಳ ಕನ್ನಡ ಮತ್ತು ಗಣಿತ. ಆಫೀಸಿನಿಂದ ಕರೆ ಬಂದರೆ ಅವಳ ಪಾಠ ಕಡಿದುಹೋಗುತ್ತಿತ್ತು. ಎರಡು ಫೋನುಗಳಿದ್ದ ನಮ್ಮ ಮನೆಯ ಪಾಡೇ ಹೀಗಿದ್ದರೆ, ಒಂದೇ ಫೋನಿದ್ದು ಅದನ್ನೂ ಕ್ವಾರಂಟೈನಿನಲ್ಲಿದ್ದವರೇ ಹಿಡಿದುಕೊಂಡಿರಬೇಕಾದ ಮನೆಗಳಲ್ಲಿ ಮಕ್ಕಳ ಪಾಠದ ಗತಿಯನ್ನು ವಿವರಿಸಬೇಕಾಗಿಲ್ಲ.

ಆದರೆ ನನ್ನ ಮಕ್ಕಳಿಗೆ ಹೆಚ್ಚು ನೋವು ಕೊಟ್ಟದ್ದು ಇದಾವುದೂ ಅಲ್ಲ, ಗೇಟಿನ ಮೇಲಿನ ಆ ಕಾಗದ. ಅದರಲ್ಲಿ ಅವರಪ್ಪನ ಹೆಸರಿತ್ತು, ತಾರೀಖುಗಳಿದ್ದವು, ಈ ಮನೆಗೆ ಯಾರೂ ಬರಬಾರದು ಎಂಬ ಎಚ್ಚರಿಕೆಯಿತ್ತು. ಓದಲು ಬಂದ ಮಗು ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುವಂತೆ ಮಗಳು ಅದನ್ನೂ ಪೂರ್ತಿ ಓದಿ, ಒಳಗೆ ಬಂದು, "ಅಪ್ಪ ಏನು ತಪ್ಪು ಮಾಡಿದ್ರು?" ಎಂದು ಕೇಳಿದಳು. ಕ್ವಾರಂಟೈನ್ ನಿಯಮದ ಪ್ರಕಾರ ಹೊರಗೆ ಹೋಗಬಾರದಾಗಿದ್ದವರು ಅವರೊಬ್ಬರೇ. ಬೀದಿಯ ಲೆಕ್ಕದಲ್ಲಿ ನಾವೆಲ್ಲರೂ ಹೋಗಬಾರದವರು. ಹಾಲಿನವನು ಪ್ಯಾಕೆಟ್ಟನ್ನು ಗೇಟಿನಾಚೆ ನೆಲದ ಮೇಲಿಟ್ಟು ಹೋಗತೊಡಗಿದ. ಎದುರು ಮನೆಯ ಮಕ್ಕಳು, ಅದುವರೆಗೆ ನಮ್ಮ ಜಗಲಿಯಲ್ಲೇ ಆಡಿಕೊಂಡಿದ್ದವರು, ನಮ್ಮ ಮನೆಗೆ "ಕೊರೊನಾ ಮನೆ" ಎಂದು ಹೆಸರಿಟ್ಟರು. ಆ ಮಕ್ಕಳನ್ನು ನಾನು ದೂರುವುದಿಲ್ಲ. ಅವರೂ ಅದೇ ಕಾಗದವನ್ನು ಓದಿದ್ದರು, ದೊಡ್ಡವರ ಮುಖ ನೋಡಿ ಅರ್ಥ ಮಾಡಿಕೊಂಡಿದ್ದರು.

ಇದು ನಮ್ಮೊಬ್ಬರ ಅನುಭವವಲ್ಲ. ಅದೇ ಜುಲೈನಲ್ಲಿ ಬೆಂಗಳೂರಿನ ದೊಮ್ಮಲೂರಿನ ಅಪಾರ್ಟ್‌ಮೆಂಟೊಂದರಲ್ಲಿ ಎರಡು ಫ್ಲ್ಯಾಟುಗಳ ಬಾಗಿಲಿಗೆ ಹೊರಗಿನಿಂದ ತಗಡಿನ ಶೀಟು ಹೊಡೆದು ಸೀಲ್‌ಡೌನ್ ಮಾಡಿದ್ದರು. ಒಂದರಲ್ಲಿ ಇಬ್ಬರು ಪುಟ್ಟ ಮಕ್ಕಳ ತಾಯಿ, ಇನ್ನೊಂದರಲ್ಲಿ ವಯಸ್ಸಾದ ದಂಪತಿ. ಫೋಟೊ ಎಲ್ಲೆಡೆ ಹರಡಿದ ಮೇಲೆ ಶೀಟುಗಳನ್ನು ತೆಗೆಸಿ, ಬಿಬಿಎಂಪಿ ಆಯುಕ್ತರಾಗಿದ್ದ ಎನ್. ಮಂಜುನಾಥ ಪ್ರಸಾದ್ ಅವರು ಕ್ಷಮೆ ಕೇಳಿದರು. ಕೇಳಿದ್ದು ಒಳ್ಳೆಯದೇ. ಆದರೆ ಬೆಂಕಿ ಬಿದ್ದರೆ ಈ ಮಕ್ಕಳು ಹೊರಗೆ ಬರುವುದು ಹೇಗೆ ಎಂಬ ಪ್ರಶ್ನೆ ಮೊಳೆ ಹೊಡೆಯುವ ಮುನ್ನ ಯಾರಿಗೂ ಬರಲಿಲ್ಲವೆಂಬುದೇ ನನ್ನ ವಾದಕ್ಕೆ ಸಾಕು. ಆಗಸ್ಟ್ ಕೊನೆಯ ಹೊತ್ತಿಗೆ ಹೊರರಾಜ್ಯದಿಂದ ಬಂದವರಿಗೆ ಸೀಲು, ನೋಟಿಸ್ ಮತ್ತು ಕ್ವಾರಂಟೈನನ್ನು ನಮ್ಮ ಸರ್ಕಾರವೇ ಕೈಬಿಟ್ಟಿತು. ಸಂಬಂಧಪಟ್ಟ ಅಧಿಕಾರಿಯ ನಿರ್ದಿಷ್ಟ ಆದೇಶವಿಲ್ಲದೆ ಕೋವಿಡ್ ರೋಗಿಗಳ ಮನೆ ಮುಂದೆ ಪೋಸ್ಟರ್ ಅಂಟಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಡಿಸೆಂಬರಿನಲ್ಲಿ ಹೇಳಿತು. ಅಷ್ಟರಲ್ಲಿ ಓದಬೇಕಾದ ಮಕ್ಕಳೆಲ್ಲ ಓದಿ ಆಗಿತ್ತು.

ಆ ದಿನಗಳಲ್ಲಿ ನನ್ನ ಮಕ್ಕಳನ್ನು ಹೆಸರು ಹಿಡಿದು ಮಾತನಾಡಿಸಿದ ಹೊರಗಿನವರು ಒಬ್ಬರೇ, ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ. ಗೇಟಿನಾಚೆ ನಿಂತು ಜ್ವರ, ಕೆಮ್ಮು ವಿಚಾರಿಸುವುದು ಅವರ ಕೆಲಸ, ಅದಾದ ಮೇಲೆ "ಏನೋ ಪುಟ್ಟ, ತಿಂಡಿ ಏನು ತಿಂದೆ?" ಎಂದು ಕೇಳುವುದು ಯಾವ ಫಾರಂನಲ್ಲೂ ಇರಲಿಲ್ಲ. ಮಗ ಆ ಅಕ್ಕ ಬರುವ ಹೊತ್ತಿಗೆ ತಲೆ ಬಾಚಿಸಿಕೊಂಡು ಕಿಟಕಿಯಲ್ಲಿ ಕಾಯುತ್ತಿದ್ದ. ಅದೇ ತಿಂಗಳು ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಹೂಡಬೇಕಾಗಿ ಬಂದಿತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಾಗದು.

ನಮ್ಮ ಮನೆಯಲ್ಲಿ ಊಟಕ್ಕೆ ಕೊರತೆಯಾಗಲಿಲ್ಲ. ಸರ್ಕಾರಿ ಶಾಲೆಯ ಮಕ್ಕಳ ಬಿಸಿಯೂಟವೂ ಕ್ಷೀರಭಾಗ್ಯದ ಹಾಲೂ ಶಾಲೆಯೊಂದಿಗೇ ನಿಂತುಹೋಗಿದ್ದವು. ಮನೆಗೆ ಕೊಟ್ಟ ಅಕ್ಕಿ ಬೇಳೆ ಮನೆಯ ಪಾತ್ರೆ ಸೇರಿ ಎಲ್ಲರಿಗೂ ಹಂಚಿಹೋಗುತ್ತದೆ. ಶಾಲೆಯ ಸಾಲಿನಲ್ಲಿ ಕೂತ ಮಗುವಿನ ತಟ್ಟೆಗೆ ಬೀಳುವ ಊಟ ಅದಲ್ಲ. ಒಂದೇ ಕೋಣೆಯ ಶೀಟಿನ ಮನೆಗಳಲ್ಲಿ, ಗಾರೆ ಕೆಲಸ ನಿಂತುಹೋದ ಅಪ್ಪನ ಎದುರು, ಆ ಮಕ್ಕಳು ದಿನವಿಡೀ ಹೇಗಿದ್ದರು ಎಂಬುದನ್ನು ನಾನು ಅವರ ಪರವಾಗಿ ಬರೆಯಲಾರೆ. ನಮಗೆ ಕಷ್ಟವಾಗಿದ್ದರೆ ಅವರಿಗೆ ಅದರ ಹಲವು ಪಟ್ಟು ಆಗಿತ್ತು ಎಂಬುದಷ್ಟೇ ನನಗೆ ಗೊತ್ತು.

ಹಾಗಾದರೆ ಬೇರೆ ದಾರಿಯಿತ್ತೇ ಎಂದು ಕೇಳುವವರಿಗೆ ಹೇಳುತ್ತೇನೆ. ನಾರ್ವೆಯ ಪ್ರಧಾನಿಯಾಗಿದ್ದ ಎರ್ನಾ ಸೋಲ್ಬರ್ಗ್ 2020ರ ಮಾರ್ಚ್ 16ರಂದು ಮಕ್ಕಳಿಗಾಗಿಯೇ ಪತ್ರಿಕಾಗೋಷ್ಠಿ ನಡೆಸಿ, ಮಕ್ಕಳು ಕಳಿಸಿದ ಪ್ರಶ್ನೆಗಳಿಗೆ ಉತ್ತರಿಸಿದರು. ಭಯವಾಗುವುದರಲ್ಲಿ ತಪ್ಪಿಲ್ಲ ಎಂದರು. ಆ ದೇಶದ ಜನಸಂಖ್ಯೆಯೇನು ನಮ್ಮದೇನು ಎಂಬ ಮಾತು ಇಲ್ಲಿ ಸಲ್ಲದು, ಏಕೆಂದರೆ ಮಕ್ಕಳೊಂದಿಗೆ ಅರ್ಧ ಗಂಟೆ ಮಾತನಾಡುವುದಕ್ಕೆ ಜನಸಂಖ್ಯೆ ಅಡ್ಡಿಯಲ್ಲ. ನಮ್ಮಲ್ಲಿ ಚಂದನ ವಾಹಿನಿಯಿತ್ತು, ಆಕಾಶವಾಣಿಯಿತ್ತು. ದೊಡ್ಡ ಮಕ್ಕಳ ಪಾಠಗಳನ್ನು ಚಂದನದಲ್ಲಿ ಪ್ರಸಾರವನ್ನೂ ಮಾಡಿದರು. ಅದೇ ಪರದೆಯ ಮೇಲೆ ಹಿರಿಯರೊಬ್ಬರು ಬಂದು, ಕ್ವಾರಂಟೈನ್ ಎಂದರೆ ಶಿಕ್ಷೆಯಲ್ಲ, ನಿಮ್ಮ ಅಪ್ಪ ಅಮ್ಮ ತಪ್ಪು ಮಾಡಿಲ್ಲ ಎಂದು ಮಕ್ಕಳ ಭಾಷೆಯಲ್ಲಿ ಒಮ್ಮೆ ಹೇಳಿದ್ದರೆ ನನ್ನ ಮಗಳ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು. ಸ್ಪೇನ್ ತನ್ನ ಮಕ್ಕಳನ್ನು ಆರು ವಾರ ಒಳಗಿಟ್ಟು, ಏಪ್ರಿಲ್ 26ರಿಂದ ದಿನಕ್ಕೊಂದು ಗಂಟೆ ದೊಡ್ಡವರ ಜೊತೆ ಹೊರಗೆ ಬಿಟ್ಟಿತು. ನಮ್ಮ ಆದೇಶಗಳಲ್ಲಿ ಮಕ್ಕಳಿಗೆ ಅಂಥ ಗಂಟೆಯೊಂದನ್ನು ನಾನು ಕಾಣಲಿಲ್ಲ.

ಆದ್ದರಿಂದ ಮುಂದೆ ಹೋಮ್ ಕ್ವಾರಂಟೈನ್ ಆದೇಶ ಬರೆಯುವವರು ಮೊದಲು ಆ ಮನೆಯಲ್ಲಿ ಮಕ್ಕಳೆಷ್ಟು, ಶೌಚಾಲಯ ಎಷ್ಟು, ಫೋನು ಎಷ್ಟು ಎಂದು ಕೇಳಲಿ. ಪ್ರತ್ಯೇಕ ಕೋಣೆಯಿಲ್ಲದವರಿಗೆ ಊರಿನ ಹಾಸ್ಟೆಲ್ಲೋ ಸಮುದಾಯ ಭವನವೋ ಒಳ್ಳೆಯ ವ್ಯವಸ್ಥೆಯೊಂದಿಗೆ ಸಿಗಲಿ. ಹೋಗುವುದೋ ಬಿಡುವುದೋ ಆ ಕುಟುಂಬವೇ ನಿರ್ಧರಿಸಲಿ. ಹೆಸರು ಬರೆದ ಕಾಗದ ಯಾವ ಗೇಟಿನ ಮೇಲೂ ಬೇಡ. ಜ್ವರ ವಿಚಾರಿಸಲು ಬರುವವರ ಫಾರಂನಲ್ಲಿ ಮಗುವಿಗೊಂದು ಪ್ರಶ್ನೆ ಇರಲಿ, ಆ ಪ್ರಶ್ನೆ ಕೇಳುವವರಿಗೆ ತಕ್ಕ ಸಂಬಳವೂ ಇರಲಿ.

ಆಗ ಹತ್ತು ವರ್ಷದೊಳಗಿದ್ದ ಮಕ್ಕಳು ಈಗ ತಮ್ಮ ಮಾತನ್ನು ತಾವೇ ಹೇಳುವಷ್ಟು ದೊಡ್ಡವರಾಗಿದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಆ ದಿನಗಳಲ್ಲಿ ನಿಮಗೇನು ಅನ್ನಿಸಿತ್ತು ಎಂದು ದಯವಿಟ್ಟು ಕೇಳಿ, ಅವರು ಒಪ್ಪಿದರೆ ಅವರದೇ ಮಾತಿನಲ್ಲಿ ಬರೆದಿಡಿ.