ಸ್ಪಷ್ಟನೆ: ‘ಗೆರ್ನಿಕಾ’ ಹಿರೋಶಿಮಾದ ಚಿತ್ರವಲ್ಲ

ಗದಗ-ಬೆಟಗೇರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪಿಕಾಸೊನ ‘ಗೆರ್ನಿಕಾ’ ಚಿತ್ರ ಹರಿದಾಡುತ್ತಿದೆ. ಹಿರೋಶಿಮಾದ ಮೇಲೆ ಬಾಂಬು ಬಿದ್ದ ಬಳಿಕ ಬರೆದದ್ದು, ಮೂಲಚಿತ್ರ ವಿಶ್ವಸಂಸ್ಥೆಯಲ್ಲಿದೆ, ಅದನ್ನು ಒಮ್ಮೆ ಬಟ್ಟೆಯಿಂದ ಮುಚ್ಚಿದ್ದರು ಎಂಬುದು ಅದರ ಜೊತೆಗಿರುವ ಒಕ್ಕಣೆ.

ಮೊದಲೆರಡು ಮಾತು ತಪ್ಪು. ಸ್ಪೇನ್‌ನ ಅಂತರ್ಯುದ್ಧದಲ್ಲಿ, 1937ರ ಏಪ್ರಿಲ್ 26ರಂದು, ಜರ್ಮನಿ ಮತ್ತು ಇಟಲಿಯ ವಿಮಾನಗಳು ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಸುರಿದವು. ಚಿತ್ರವೂ ಅದೇ ವರ್ಷದ್ದು. ಎಡ ಅಂಚಿನಲ್ಲಿ ಸತ್ತ ಕೂಸನ್ನು ಹಿಡಿದು, ಮೊಗವೆತ್ತಿ ಚೀರುವ ತಾಯಿಯನ್ನು ದಯವಿಟ್ಟು ಒಮ್ಮೆ ನಿಂತು ನೋಡಿ.

ಮೂಲಚಿತ್ರ ಮ್ಯಾಡ್ರಿಡ್‌ನಲ್ಲಿದೆ. ವಿಶ್ವಸಂಸ್ಥೆಯಲ್ಲಿರುವುದು ನೂಲಿನಲ್ಲಿ ನೇಯ್ದ ಪ್ರತಿ. ನೇಕಾರರ ಊರಿನವರಾದ ನಮಗೆ ಈ ವ್ಯತ್ಯಾಸ ಸಣ್ಣದಲ್ಲ.

ಮೂರನೆಯ ಮಾತು ನಿಜ, ಆದರೆ ಮುಚ್ಚಿದ್ದು ಈ ನೇಯ್ದ ಪ್ರತಿಯನ್ನು. 2003ರ ಫೆಬ್ರುವರಿಯಲ್ಲಿ, ಇರಾಕ್ ವಿರುದ್ಧ ಅಮೆರಿಕ ಭದ್ರತಾ ಮಂಡಳಿಯಲ್ಲಿ ವಾದ ಮಂಡಿಸಿದಾಗ, ಆ ತಾಯಿ ನೀಲಿ ಪರದೆಯ ಹಿಂದಿದ್ದಳು.